ತೇಗದ ನೆಲಕ್ಕೆ ನೀರು ಹಾಕಿದವರು ಯಾರು?

ನನ್ನ ಮನೆಯ ನೆಲ ನನ್ನ ಮೇಲೆ ಸಾಕ್ಷಿ ಹೇಳಿದೆ.

ವಕೀಲನಾದವನಿಗೆ ಸಾಕ್ಷಿಗಳ ಹೆದರಿಕೆ ಇರಬಾರದು. ಕಡೂರಿನ ಕೋರ್ಟಿನಲ್ಲಿ ಎಂಥೆಂಥ ಗಟ್ಟಿ ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ತಬ್ಬಿಬ್ಬು ಮಾಡಿದ್ದೇನೆ. ಆದರೆ ತೇಗದ ಹಲಗೆಗೆ ಪಾಟೀಸವಾಲು ಹಾಕುವುದು ಹೇಗೆ? ಅದು ಮಾತೇ ಆಡುವುದಿಲ್ಲ. ನೋಡುವವರು ನೋಡಿಕೊಳ್ಳಲಿ ಎಂದು ಸುಮ್ಮನೆ ಉಬ್ಬಿಕೊಂಡು ಬಿದ್ದಿರುತ್ತದೆ.

ಈ ಕಾಲಂ ತಪ್ಪದೆ ಓದುವವರಿಗೆ ನನ್ನ ಮಹಡಿಯ ನೆಲದ ವಿಷಯ ಹೊಸದಲ್ಲ. ಎಂಟು ವಾರದ ಹಿಂದೆ ಬರೆದಿದ್ದೆ. ಆಸೆಪಟ್ಟು ತೇಗದ ನೆಲ ಹಾಕಿಸಿದೆ, ವರ್ಷ ತುಂಬುವ ಮುಂಚೆಯೇ ಹಲಗೆ ಎದ್ದು ಕೂತಿತು, ಬಡಗಿ ಒಣಗದ ಮರ ಹಾಕಿ ನನಗೆ ಟೋಪಿ ಹಾಕಿದ ಎಂದು. ('ಹಸಿ ಮರದ ಸಾಬರು' ಎಂಬುದು ನನ್ನದೇ ಪ್ರಯೋಗ. ಬರೆದ ದಿನ ಅದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ್ದೆ.) ಹೆಸರು ಹಾಕಿರಲಿಲ್ಲ, ನಿಜ. ಆದರೆ ತರೀಕೆರೆಯಲ್ಲಿ ಮರದ ನೆಲ ಹಾಕುವ ಸಾಬರು ಎಷ್ಟು ಜನ ಇದ್ದಾರೆ? ಒಬ್ಬರೇ.

ಆ ಬರಹಕ್ಕೆ ಮೆಚ್ಚುಗೆಯ ಕಾಗದಗಳು ಬಂದವು. ಕೋರ್ಟಿನ ಜಗುಲಿಯ ಮೇಲೆ ಅಮೀನರು ಕೂಡ ನಕ್ಕರು. ಆ ಮೆಚ್ಚುಗೆಗಳನ್ನೆಲ್ಲ ಇವತ್ತು ವಾಪಸು ಮಾಡಬೇಕಾಗಿದೆ. ಮರ ಹಸಿಯಾಗಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಡೆ ಮಹಡಿಗೆ ಹಲಗೆ ಹಾಕಿದರೆ ಅದರ ಮೇಲೆ ಮಣ್ಣು ಹಾಕಿ, ದಮ್ಮಸು ಮಾಡಿ, ಸಗಣಿಯಲ್ಲಿ ಸಾರಿಸುತ್ತಾರೆ. ಹಲಗೆ ಇರುವುದು ಕೆಳಗಿನವರು ತಲೆಯೆತ್ತಿ ನೋಡುವುದಕ್ಕೆ. ನನಗೆ ಅದು ಸಾಲಲಿಲ್ಲ. ಒಂದು ಸಲ ಕೆಲಸದ ಮೇಲೆ ಒಬ್ಬ ಇಂಜಿನಿಯರ್ ದೊರೆಯ ಬಂಗಲೆಗೆ ಹೋಗಿದ್ದೆ. ಅಲ್ಲಿ ಬರೀ ತೇಗದ ನೆಲ. ಮುಖ ಕಾಣುವಷ್ಟು ಪಾಲಿಷ್. ಬೂಟ್ಸು ಇಟ್ಟರೆ ಟಕ್ ಎನ್ನುವ ಶಬ್ದ. ಹಿಡಿಯಿತು ನೋಡಿ ಹುಚ್ಚು! ಮಹಡಿಯ ಮೇಲೆ ಆಫೀಸ್ ರೂಮು ಕಟ್ಟಿಸಿದರೆ ನೆಲ ಹೀಗೇ ಇರಬೇಕು ಎಂದುಕೊಂಡುಬಿಟ್ಟೆ. ವಕೀಲನ ತಲೆಯೊಳಗೆ ಏನಿದೆಯೋ ಕಕ್ಷಿಗಾರನಿಗೆ ಕಾಣುವುದಿಲ್ಲ. ಕಾಲ ಕೆಳಗೆ ಇರುವುದಾದರೂ ಕಾಣಲಿ.

ಈ ಕೆಲಸ ಬಲ್ಲವರು ತರೀಕೆರೆಯ ಮೆಹಬೂಬ್ ಸಾಬರು ಎಂದು ಎಲ್ಲರೂ ಹೇಳಿದರು. ಅರವತ್ತರ ಆಸುಪಾಸಿನ ಮನುಷ್ಯ. ಅಜ್ಜನ ಕಾಲದಿಂದ ಬಡಗಿ ಮನೆತನ. ಮನೆಯಲ್ಲಿ ಆಡುವುದು ಅವರ ತುರುಕ ಮಾತು, ಆದರೆ ಬಾಯಿ ಬಿಟ್ಟರೆ ನಮ್ಮ ಯಗಟಿಯ ಗೌಡರು ಮಾತಾಡಿದ ಹಾಗೇ ಇರುತ್ತದೆ. ಅವರು ಹಲಗೆಗಳನ್ನು ತೋರಿಸಿ, ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ಬಡಿದು, "ಎರಡು ಬೇಸ್ಗೆ ಕಂಡಿರೋ ಮರ ಇದು ವಕೀಲ್ರೇ. ನಿಮ್ಮ ಮೊಮ್ಮಕ್ಳು ಕುಣಿದ್ರೂ ಅಲ್ಲಾಡಲ್ಲ" ಎಂದಿದ್ದರು. ಆ ಮಾತು ನನಗೆ ನೆನಪಿತ್ತು. ಕಾಲಂ ಬರೆಯುವಾಗ ಮಾತ್ರ ನೆನಪಾಗಲಿಲ್ಲ.

ನೆಲ ಮುಗಿದ ದಿನ ಒಂದು ತಮಾಷೆ ನಡೆಯಿತು. ಸಾಬರು ಕೊನೆಯ ಹಲಗೆಗೆ ಮೇಣ ತಿಕ್ಕಿ ಮೇಲೇಳುತ್ತಿದ್ದಾರೆ, ನಮ್ಮ ತಾಯಿ ಒಂದು ಬಕೆಟ್ ಸಗಣಿ ಕಲಸಿಕೊಂಡು ಮೆಟ್ಟಿಲು ಹತ್ತಿ ಬಂದುಬಿಟ್ಟರು! ಹೊಸ ನೆಲ, ಸಾರಿಸಬೇಡವೇ?

"ಅಮ್ಮಾವ್ರೇ, ಬ್ಯಾಡಿ ಬ್ಯಾಡಿ! ಇದು ಮಣ್ಣಲ್ಲ ಕಣ್ರಮ್ಮಾ!" ಎಂದು ಸಾಬರು ಎರಡು ಕೈಯನ್ನೂ ಅಗಲಿಸಿ ಬಾಗಿಲಲ್ಲಿ ನಿಂತುಬಿಟ್ಟರು.

"ಸಾರ್ಸದೇ ಇರೋದು ಅದ್ಯಾವ ಸೀಮೆ ನೆಲ ಸಾಬ್ರೇ?"

"ಇದ್ಕೆ ಸಗಣಿನೂ ಬ್ಯಾಡ, ನೀರೂ ಬ್ಯಾಡ. ನೀರು ಅಂದ್ರೆ ಇದ್ಕೆ ವಿಷ."

ಅಮ್ಮ ಬಕೆಟ್ಟನ್ನು ಕೆಳಗೆ ತೆಗೆದುಕೊಂಡು ಹೋದರು. ಆದರೆ ನೀರೇ ಕಾಣದ ನೆಲ ಅವರ ಮನಸ್ಸಿಗೆ ಒಪ್ಪಲಿಲ್ಲ. ಸ್ನಾನವಿಲ್ಲದೆ ಊಟಕ್ಕೆ ಕೂತ ಮಗನನ್ನು ನೋಡಿದ ಹಾಗೆ ಆ ನೆಲವನ್ನು ನೋಡುತ್ತಿದ್ದರು.

ಸಾಬರು ಹೇಳಿಕೊಟ್ಟ ಉಪಚಾರ ಸುಲಭ. ದಿನಾ ಮೆತ್ತನೆಯ ಪೊರಕೆಯಲ್ಲಿ ಒಣ ಗುಡಿಸುವುದು. ಮರಳು ನಿಲ್ಲಬಾರದು, ಅದು ಗೀರುತ್ತದೆ. ಹದಿನೈದು ದಿನಕ್ಕೊಮ್ಮೆ ಜೇನುಮೇಣವನ್ನು ಅಗಸೆ ಎಣ್ಣೆಯಲ್ಲಿ ಕರಗಿಸಿ, ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ತೆಂಗಿನಕಾಯಿಯ ಒಣಸಿಪ್ಪೆಯ ಅರ್ಧ ಹೋಳನ್ನು ಕಾಲ ಕೆಳಗೆ ಇಟ್ಟುಕೊಂಡು ತಿಕ್ಕುವುದು. ಕಡೂರು ಸೀಮೆಯಲ್ಲಿ ತೆಂಗಿನ ಸಿಪ್ಪೆಗೆ ಬರವೇ? ಮೇಲೆ ಒಂದು ಹಳೆಯ ಪಂಚೆಯಲ್ಲಿ ಒರೆಸಿದರೆ ಮುಗಿಯಿತು. ಏನಾದರೂ ಚೆಲ್ಲಿದರೆ ಆಗಿಂದಾಗಲೇ ಒಣಬಟ್ಟೆಯಲ್ಲಿ ಹೀರಿಸಬೇಕು.

ಮೊದಲ ವರ್ಷ ಈ ಮೇಣದ ಕೆಲಸವನ್ನು ಅವರು ಯಾರ ಕೈಗೂ ಬಿಡಲಿಲ್ಲ. ಹದಿನೈದು ದಿನಕ್ಕೊಂದು ಗುರುವಾರ ತರೀಕೆರೆಯಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು ಕಡೂರಿಗೆ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಪೂರ್ವದ ಕಿಟಕಿಯ ಕೆಳಗೆ ಕೂತು, ಅಮ್ಮ ಎಲೆಯಲ್ಲಿ ಕಳಿಸಿದ ಅವಲಕ್ಕಿ ತಿಂದು, ಅವರಿಗೆಂದೇ ಇಟ್ಟಿದ್ದ ಲೋಟದಲ್ಲಿ ಕಾಫಿ ಕುಡಿದು, ಹಲಗೆಯನ್ನು ಒಮ್ಮೆ ಅಂಗೈಯಿಂದ ಸವರಿ ಹೊರಡುತ್ತಿದ್ದರು. ತಾವು ಮಾಡಿದ ಕೆಲಸದ ಮೇಲೆ ಕೂರುವುದು ಅವರಿಗೆ ಇಷ್ಟ ಎಂದು ಕಾಣುತ್ತದೆ.

ಹಲಗೆ ಏಳತೊಡಗಿದ್ದು ಮಾಘ ಮಾಸದಲ್ಲಿ, ಸಾಬರ ಒಂದು ಗುರುವಾರಕ್ಕೂ ಇನ್ನೊಂದಕ್ಕೂ ನಡುವೆ. ಮೊದಲು ಅಂಚು ಎದ್ದಿತು. ಆಮೇಲೆ ಕಪ್ಪು ಕಲೆ ಬಂತು. ಅದರ ಹಿಂದೆಯೇ ನನ್ನ ಕಾಲಂ ಬಂತು. ಬರೆಯುವ ಮುಂಚೆ ಅವರಿಗೆ ಹೇಳಿಕಳಿಸಿದೆನೇ? ಇಲ್ಲ. ಪತ್ರಿಕೆಯಲ್ಲಿ ಒಂದು ಜಾಗವಿದ್ದವನಿಗೆ ಬಾಗಿಲು ತಟ್ಟಿ ಕೇಳುವ ಅಭ್ಯಾಸ ತಪ್ಪಿಹೋಗುತ್ತದೆ. ಅದಾದ ಮೇಲೆ ಅವರು ಬರುವುದೂ ನಿಂತಿತು.

ಹೋದ ಗುರುವಾರ ಬೆಳಿಗ್ಗೆ ಸಾಬರು ಬಾಗಿಲಲ್ಲಿ ನಿಂತಿದ್ದರು. ಹೆಗಲಲ್ಲಿ ಸಾಮಾನಿನ ಚೀಲ. ಮುಖ ಇಳಿದುಹೋಗಿತ್ತು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಹೋಟ್ಲಲ್ಲಿ ಯಾರೋ ಓದಿ ಹೇಳಿದ್ರು ಸ್ವಾಮಿ, ನೀವು ಬರೆದಿರೋದ್ನ" ಎಂದರು. "ಅಡಿಕೆ ಮಂಡಿ ಸಾಹುಕಾರ್ರು ಹೊಸ ಮನೆಗೆ ನೆಲ ಹಾಕು ಅಂತ ನಂಗೆ ಹೇಳಿದ್ರು. ಈಗ ಬ್ಯಾಡ ಅಂದ್ಬಿಟ್ರು. ಹೋಗ್ಲಿ ಬಿಡಿ. ಪ್ಯಾಟೇಲಿ ನಡ್ಕೊಂಡ್ ಹೋಗ್ತಿದ್ರೆ ಹಸಿ ಮರದ ಸಾಬ್ರು ಅಂತ ಕೂಗ್ತಾರೆ. ನಮ್ಮಪ್ಪ ಇದೇ ಕೆಲ್ಸ ಮಾಡ್ದೋರು. ಅವರಿಗೆ ಒಂದ್ ದಿನಾನೂ ಈ ಮಾತು ಬರ್ಲಿಲ್ಲ."

ನಾನು ಏನೋ ಹೇಳಹೊರಟೆ.

"ನಾನು ನ್ಯಾಯಕ್ಕೆ ಬಂದಿಲ್ಲ. ನೆಲ ನೋಡ್ಬೇಕು ಅಷ್ಟೇ. ನಂದೇ ತಪ್ಪಾಗಿದ್ರೆ ಎಲ್ಲಾ ಕಿತ್ತು ಹೊಸ್ದು ಹಾಕ್ಕೊಡ್ತೀನಿ."

ಮೇಲೆ ಹೋದೆವು. ಅವರು ಮಂಡಿಯೂರಿ ಕೂತರು. ಚೀಲದಿಂದ ಒಂದು ನೇರ ಪಟ್ಟಿಯನ್ನೂ ರಸಮಟ್ಟವನ್ನೂ ತೆಗೆದು, ಗೋಡೆಯಿಂದ ಗೋಡೆಗೆ ಹಲಗೆಯ ಮೇಲೆ ಇಡುತ್ತಾ ಬಂದರು. ಎಲ್ಲಿ ಎದ್ದಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು ನನ್ನ ಮೇಜಿನ ಹಿಂದೆ ನಿಂತಿದ್ದೆ. ಮೇಜಿನ ಸುತ್ತ ಒಂದು ಗೆರೆಯೂ ಬೀಳಲಿಲ್ಲ. ಕಕ್ಷಿಗಾರರು ಕೂರುವ ಬೆಂಚಿನ ಕಡೆ ಬೀಳಲಿಲ್ಲ. ಅಮಲ್ದಾರರು ಬೂಟ್ಸು ಹಾಕಿಕೊಂಡು ಓಡಾಡಿದ ಜಾಗದಲ್ಲೂ ನೆಲ ಮೊದಲ ದಿನದ ಹಾಗೇ ಇತ್ತು.

"ಹಸಿ ಮರ ಆಗಿದ್ರೆ ಒಣಗ್ತಾ ಒಣಗ್ತಾ ಸಂದಿ ಬಿಡ್ತಿತ್ತು ವಕೀಲ್ರೇ. ಇಡೀ ರೂಮ್ನಲ್ಲಿ ಬಿಡ್ತಿತ್ತು" ಎಂದು ಹೇಳುತ್ತಲೇ ಇದ್ದರು. "ಇದು ಸಂದಿ ಬಿಟ್ಟಿಲ್ಲ, ಉಬ್ಬಿದೆ. ಮರ ನೀರು ಕುಡ್ದೈತೆ. ಒಂದ್ ಸಲ ಅಲ್ಲ, ಬ್ಯಾರೆ ಬ್ಯಾರೆ ದಿನ. ಮಳೆ ಸೋರಿದ್ರೆ ಮ್ಯಾಲೆ ಹಂಚು ನೋಡ್ಬೇಕು..."



ಅವರು ಎದ್ದು ನಿಂತು ತಾವೇ ಎಳೆದ ಗೆರೆಗಳನ್ನು ನೋಡಿದರು. ನಾನೂ ನೋಡಿದೆ. ಬಾಗಿಲಿನಿಂದ ಪೂರ್ವದ ಕಿಟಕಿಯವರೆಗೆ ಒಂದು ಮೊಳ ಅಗಲದ ದಾರಿ. ಕಿಟಕಿಯ ಕೆಳಗೆ ಒಬ್ಬ ಮನುಷ್ಯ ಕಾಲು ಮಡಿಸಿ ಕೂತು ಎಲೆ ಹಾಕಿಕೊಳ್ಳುವಷ್ಟು ಜಾಗ. ಅಷ್ಟೇ. ಅಷ್ಟು ಮಾತ್ರ ಉಬ್ಬಿ ಕಪ್ಪಾಗಿತ್ತು.

ಈ ದೇಶದಲ್ಲಿ ಹುಟ್ಟಿ ಅರವತ್ತು ವರ್ಷ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅವರು ಹೋದ ಮೇಲೆ, ಹೋದಾಗಲೆಲ್ಲ, ಅವರು ನಡೆದು ಬಂದ ದಾರಿಗೂ ಕೂತೆದ್ದ ಜಾಗಕ್ಕೂ ನಮ್ಮ ಮನೆಯಲ್ಲಿ ಸಗಣಿ ನೀರು ಬೀಳುತ್ತಿತ್ತು. ಮೇಣ ಹಚ್ಚುವಾಗ ರೂಮಿನ ತುಂಬ ಓಡಾಡಿದ್ದಕ್ಕೆ ಲೆಕ್ಕವಿಲ್ಲ, ಅದು ಕೆಲಸ. ಕೂತು ತಿಂದದ್ದಕ್ಕೆ ಮಾತ್ರ ಮೈಲಿಗೆ. ನಮ್ಮ ಮಡಿಯ ಕಾನೂನಿನ ಸೆಕ್ಷನ್ನುಗಳು ನನ್ನ ಬೀರುವಿನಲ್ಲಿರುವ ಕಾನೂನಿಗಿಂತ ಸೂಕ್ಷ್ಮ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೀರು ಬೀಳುವುದೂ ಗೊತ್ತಿತ್ತು, ಹಲಗೆ ಎದ್ದದ್ದೂ ಗೊತ್ತಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಲಿಲ್ಲ. ನೋಡಿದ್ದರೆ ಕಾಲಂ ಬರೆಯುವುದಕ್ಕೆ ಆಗುತ್ತಿರಲಿಲ್ಲ.

ಸಾಬರು ಮೆಲ್ಲಗೆ ಕೇಳಿದರು. "ಅಮ್ಮಾವ್ರು ತೊಳೀತಿದ್ರಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅವರೇ ಒಂದು ದಾರಿ ಬಿಟ್ಟುಕೊಟ್ಟ ಹಾಗಿತ್ತು. ಆ ದಾರಿಯಲ್ಲಿ ನಾನು ಓಡಿಬಿಟ್ಟೆ.

"ಹೌದು ಸಾಬ್ರೇ. ಹಳೇ ಕಾಲದವರು. ನಾನು ಎಷ್ಟು ಹೇಳಿದ್ರೂ ಕೇಳಲ್ಲ" ಎಂದೆ.

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಅವಲಕ್ಕಿ ಎಲೆ ಹಿಡಿದುಕೊಂಡು ಬಂದಿದ್ದ ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. ಅವಳ ಹಿಂದೆ ಅಮ್ಮ.

ಅಮ್ಮ ಮುಂದೆ ಬಂದರು. ಅವರು ಸೀಮೆಸುಣ್ಣದ ಗೆರೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಹೌದು ಸಾಬ್ರೇ, ನಾನೇ ತೊಳೀತಿದ್ದೆ" ಎಂದರು. "ನಮ್ಮತ್ತೆ ಮಾಡ್ತಿದ್ರು, ನಾನೂ ಮಾಡ್ದೆ. ಮರಕ್ಕೆ ಇಷ್ಟಾಗುತ್ತೆ ಅಂತ ತಿಳೀಲಿಲ್ಲ. ಆದ್ರೆ ನಂಜುಂಡ, ಕಾರ್ತೀಕದಲ್ಲಿ ನಿಮ್ಮ ಮಾವನ ಮನೆ ಮದ್ವೆ ಅಂತ ನಾನೂ ಇವಳೂ ಅಜ್ಜಂಪುರದಲ್ಲಿ ಒಂದ್ ತಿಂಗ್ಳು ಇದ್ವಲ್ಲ. ಆಗ್ಲೂ ಸಾಬ್ರು ಎರಡ್ ಗುರುವಾರ ಬಂದಿದ್ರು ಅಂತ ನೀನೇ ಹೇಳ್ದೆ. ನಾನು ವಾಪಸ್ ಬಂದಾಗ ಮೂಲೇಲಿ ಸಗಣಿ ಬಕೆಟ್ ಇತ್ತು. ಆವಾಗ ತೊಳ್ದೋರು ಯಾರೋ?"

(ನಮ್ಮ ಮಾವ ಎಂದರೆ ಅಮ್ಮನ ತಮ್ಮ. ಅವರ ಮಗಳ ಮದುವೆ. ಈ ಹೊತ್ತಿನಲ್ಲಿ ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಮುಂದಿನ ವಾಕ್ಯವನ್ನು ಬರೆಯಲು ನಾಚಿಕೆ.)

ತೊಳೆದವನು ನಾನು.

ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ನೋಡುವವರೂ ಇರಲಿಲ್ಲ. ಹೋಟೆಲಿನಲ್ಲಿ ಊಟ, ಯಾವ ಮಡಿಯೂ ಇಲ್ಲದ ತಿಂಗಳು. ಸಾಬರು ಹೋಟೆಲಿನಿಂದ ತರಿಸಿದ ಕಾಫಿ ಕುಡಿದು ಹೋದರು. ನಾನು ಕೊಟ್ಟಿಗೆಗೆ ಹೋದೆ, ಸಗಣಿ ತಂದೆ, ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಿನಿಂದ ಕಿಟಕಿಯವರೆಗೆ ತೊಳೆದೆ. ಬಿ.ಎ., ಬಿ.ಎಲ್. ತಾಲ್ಲೂಕು ಸಭೆಯಲ್ಲಿ ಜಾತಿಭೇದ ತೊಲಗಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡವನು. ಅಮ್ಮನದಾದರೂ ಅತ್ತೆಯಿಂದ ಬಂದದ್ದು, ಅವರು ಅದನ್ನು ನಂಬಿದ್ದರು. ನಾನು ನಂಬಿದ್ದೆನೇ? ಅದೂ ಇಲ್ಲ. ತೊಳೆಯದಿದ್ದರೆ ಏನೋ ಬಾಕಿ ಉಳಿದ ಹಾಗೆ ಅನ್ನಿಸಿತು, ತೊಳೆದೆ. ಎರಡನೆಯ ಗುರುವಾರ ಅಷ್ಟು ಯೋಚನೆಯೂ ಬರಲಿಲ್ಲ.

ಆ ರೂಮಿನಲ್ಲಿ ಇಷ್ಟನ್ನೂ ನಾನು ಹೇಳಲಿಲ್ಲ. "ನಾನೇ" ಎಂದೆ.  ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು, ಆದರೆ ಅದು ಮೆಹಬೂಬ್ ಸಾಬರು ಹಾಕಿದ ನೆಲ, ಒಂದು ಸಂದಿಯೂ ಬಿಡದ ನೆಲ.

 ಸಾಬರು ತಮ್ಮ ಮಾತಿನಲ್ಲಿ ಏನೋ ಗೊಣಗಿಕೊಂಡು ಉಳಿ ತೆಗೆದರು. ಎದ್ದ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ, ಬಿಸಿಲಿಗೆ ಹಾಕಿ, ಮೂರು ದಿನ ಬಂದು ಹೋಗಿ ಮಾಡಿದರು. ಉಜ್ಜುಗೊರಡು ಹಿಡಿದು ಅಂಚು ಇಳಿಸಿದರು. ಕಪ್ಪು ಹಿಡಿದದ್ದನ್ನು ಮಗುಚಿ ಹಾಕಿದರು. ಆ ಮೂರು ದಿನವೂ ಅವಲಕ್ಕಿ ಮೇಲಕ್ಕೆ ಹೋಯಿತು, ಮೂರು ದಿನವೂ ಹಾಗೇ ಕೆಳಗೆ ಬಂತು. ಒಂದು ಸಲವೂ ಅವರು ಕೂರಲಿಲ್ಲ. ಸುಸ್ತಾದರೆ ಮೆಟ್ಟಿಲಿಳಿದು ಹೋಗಿ ಬೀದಿಯ ಹೊಂಗೆ ಮರದ ಕೆಳಗೆ ಕೂತು ಬರುತ್ತಿದ್ದರು. ಎರಡನೆಯ ದಿನ ಅಮ್ಮ ತಾವೇ ಲೋಟ ಹಿಡಿದು ಬಂದು, "ಸಾಬ್ರೇ, ಕೂತ್ಕೊಳಿ, ಯಾರೂ ತೊಳಿಯಲ್ಲ" ಎಂದರು. "ಇರ್ಲಿ ಬಿಡಿ ಅಮ್ಮಾವ್ರೇ, ಅಭ್ಯಾಸ ತಪ್ಪೋಯ್ತು" ಎಂದರು ಅವರು.

ಕೊನೆಯ ದಿನ ಮೇಣ ಹಚ್ಚುವುದನ್ನು ಅಮ್ಮನಿಗೇ ಹೇಳಿಕೊಟ್ಟರು. ಎಷ್ಟು ಮೇಣಕ್ಕೆ ಎಷ್ಟು ಎಣ್ಣೆ, ಎಷ್ಟು ಹೊತ್ತು ಆರಬೇಕು, ಸಿಪ್ಪೆಯನ್ನು ಮರದ ಗೆರೆಯ ಉದ್ದಕ್ಕೇ ತಿಕ್ಕಬೇಕು, ಅಡ್ಡ ತಿಕ್ಕಬಾರದು. ಅಮ್ಮ ಶ್ರದ್ಧೆಯಿಂದ ಕಲಿತರು. ಅವರ ವಯಸ್ಸಿನಲ್ಲಿ ಸಿಪ್ಪೆಯ ಮೇಲೆ ಒಂದು ಕಾಲಿಟ್ಟು ಗೋಡೆ ಹಿಡಿದುಕೊಂಡು ತಿಕ್ಕುವುದನ್ನು ನೋಡಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕರು. ಸಾಬರೂ ನಕ್ಕರು. ನಾನು ಮಾತ್ರ ಯಾವುದೋ ಕಾಗದ ಹುಡುಕುತ್ತಿದ್ದೆ.

"ಇನ್ನು ನಾನ್ ಬರೋದು ಬ್ಯಾಡ ವಕೀಲ್ರೇ" ಎಂದರು ಹೊರಡುವಾಗ. "ಅಮ್ಮಾವ್ರು ಚೆನ್ನಾಗಿ ನೋಡ್ಕೊತಾರೆ. ನಾನು ಬಂದು ಹೋಗೋದು ತಪ್ಪಿದ್ರೆ ನೆಲ ನೂರು ವರ್ಷ ಬಾಳ್ತದೆ."

ಹಂಗಿಸಿ ಆಡಿದ ಮಾತಲ್ಲ ಅದು. ಕೆಲಸ ಬಲ್ಲವನು ಮರದ ಹಿತಕ್ಕೆ ಹೇಳಿದ ಸಲಹೆ. ಹಾಗೆ ಹೇಳಿದ್ದೇ ನನಗೆ ತಡೆಯಲಾರದ್ದಾಯಿತು. ಬೈದಿದ್ದರೆ ಒಂದು ಹೊತ್ತು ಊಟ ಬಿಟ್ಟು ಸರಿಹೋಗುತ್ತಿದ್ದೆ.

ಮೊನ್ನೆ ಈ ಬರಹದ ಕರಡು ಹಿಡಿದುಕೊಂಡು ನಾನೇ ತರೀಕೆರೆಗೆ ಹೋದೆ. ಅಡಿಕೆ ಮಂಡಿ ಸಾಹುಕಾರರ ಮನೆಗೆ ಮೊದಲು ಹೋಗಿ, ತಪ್ಪು ನನ್ನದು, ಮರದ್ದಲ್ಲ ಎಂದು ಹೇಳಿದೆ. "ನೋಡೋಣ ಬಿಡಿ ವಕೀಲ್ರೇ" ಎಂದರು. ಅಚ್ಚಾದ ಮಾತನ್ನು ಜನ ಎಷ್ಟು ಬೇಗ ನಂಬುತ್ತಾರೆ, ಅದು ಸುಳ್ಳು ಎಂದರೆ ಎಷ್ಟು ನಿಧಾನವಾಗಿ ಕೇಳಿಸಿಕೊಳ್ಳುತ್ತಾರೆ!

ಆಮೇಲೆ ಸಾಬರ ಮನೆ. ಮಣ್ಣಿನ ನೆಲ, ಅಚ್ಚುಕಟ್ಟಾಗಿ ಗುಡಿಸಿದ್ದು. ಚಾಪೆ ಹಾಕಿ ಕೂರಿಸಿದರು. ಒಳಗಿನಿಂದ ಚಹಾ ಬಂತು. ಕುಡಿದೆ. ಕುಡಿಯುವ ಮುಂಚೆ ಒಂದು ಗಳಿಗೆ ಕೈ ತಡೆಯಿತು. ಅದು ಅವರಿಗೆ ಕಾಣಿಸಿತು. ಅವರಿಗೆ ಕಾಣಿಸಿದ್ದು ನನಗೂ ಕಾಣಿಸಿತು.

ಕರಡನ್ನು ಓದಿ ಹೇಳಿದೆ. ಉದ್ದಕ್ಕೂ ತಲೆಯಾಡಿಸುತ್ತಾ ಕೇಳಿದರು. "ಹೆಸರು ಹಾಕ್ಲಾ, ಬಿಡ್ಲಾ?" ಎಂದೆ.

"ಹಾಕಿ ಸ್ವಾಮಿ. ಆವತ್ತು ಹೆಸರಿಲ್ದೇನೇ ಎಲ್ರಿಗೂ ಗೊತ್ತಾಯ್ತು. ಇವತ್ತು ಗೊತ್ತಾಗ್ಬೇಕಾದ್ರೆ ಹೆಸರು ಬೇಕು" ಎಂದರು. ಆಮೇಲೆ, "ಮರ ಒಣಗಿತ್ತು ಅನ್ನೋದ್ನ ಒಂದ್ಸಲ ದಪ್ಪಕ್ಷರದಾಗೆ ಹಾಕ್ಸಿ" ಎಂದರು. ಅಚ್ಚಿನ ಮೊಳೆ ಜೋಡಿಸುವವರು ದಪ್ಪ ಅಕ್ಷರ ಕೊಡುತ್ತಾರೋ ಇಲ್ಲವೋ ತಿಳಿಯದು. ಅದಕ್ಕೆ ಎರಡು ಸಲ ಬರೆಯುತ್ತೇನೆ. ಮರ ಒಣಗಿತ್ತು. ಮೆಹಬೂಬ್ ಸಾಬರು ಹಾಕಿದ ಮರ ಒಣಗಿತ್ತು.

ಸಾಬರು ಸ್ಟೇಷನ್ನಿನವರೆಗೂ ಜೊತೆಗೆ ಬಂದರು. ಪ್ಲಾಟ್‌ಫಾರಮ್ಮಿನಲ್ಲಿ ನಿಂತು, "ಬರೋ ಗುರುವಾರ ಬನ್ನಿ ಸಾಬ್ರೇ. ಅಮ್ಮನೂ ಹೇಳಿಕಳಿಸಿದ್ದಾರೆ. ಮೇಣ ಹಚ್ಚೋದಕ್ಕಲ್ಲ, ಸುಮ್ನೆ ಬನ್ನಿ. ಕಿಟಕಿ ಹತ್ರ ಕೂತ್ಕೊಂಡು ಕಾಫಿ ಕುಡಿದು ಹೋಗಿ" ಎಂದೆ.

ಅವರು ಹಳಿಯ ಕಡೆ ನೋಡಿದರು.

"ಬತ್ತೀನಿ. ನೀವು ಕರೆದ್ರೆ ಬರ್ದೇ ಇರ್ತೀನಾ? ಆದ್ರೆ ಒಂದ್ ಮಾತು ಕೇಳ್ತೀನಿ, ಬ್ಯಾಜಾರ್ ಮಾಡ್ಕೋಬ್ಯಾಡಿ. ಅಮ್ಮಾವ್ರದ್ದು ನಂಗೆ ಭಯ ಇಲ್ಲ. ಆವತ್ತು ಮನೇಲಿ ಯಾರೂ ಇಲ್ದಾಗ್ಲೂ ತೊಳೆದ್ರಲ್ಲ, ಯಾಕ್ ಸ್ವಾಮಿ?"

ಬೀರೂರಿನ ರೈಲು ಬಂತು, ನಾನು ಹತ್ತಿಬಿಟ್ಟೆ.